ಗ್ಲಾಸ್ಗೋ ನಗರದ ಬೀದಿಕಲಹಗಳೂ ಅವುಗಳ ಉಪಶಮನವೂ

ನಗರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿಯ ವ್ಯಾಪಾರದ ಏಳುಬೀಳುಗಳನ್ನೂ, ಕಟ್ಟಡಗಳ ಭವ್ಯತೆಯನ್ನೂ, ಪೌರಪ್ರಮುಖರ ಪರಂಪರೆಯನ್ನೂ ವರ್ಣಿಸಿ ಕೃತಕೃತ್ಯರಾಗುವುದುಂಟು. ಸಂಜೆಯ ಹೊತ್ತು ಬೀದಿಯ ಮೂಲೆಯಲ್ಲಿ ಕೆಲಸವಿಲ್ಲದೆ ಗುಂಪುಗೂಡುವ ಹದಿನಾರು ಹದಿನೇಳು ವರ್ಷದ ಹುಡುಗರಿಗೆ ಆ ಚರಿತ್ರೆಯಲ್ಲಿ ಸ್ಥಳವಿಲ್ಲ. ಅವರ ಹೆಸರು ಎಲ್ಲಿಯಾದರೂ ಸಿಕ್ಕಿದರೆ ನ್ಯಾಯಸ್ಥಾನದ ದಫ್ತರದಲ್ಲಿ, ಇಲ್ಲವೆ ಶವಪರೀಕ್ಷೆಯ ಪುಸ್ತಕದಲ್ಲಿ. ಆದರೂ ಒಂದು ನಗರವು ತನ್ನ ದಾರಿತಪ್ಪಿದ ಮಕ್ಕಳನ್ನು ಯಾವ ಬಗೆಯಿಂದ ನಡೆಯಿಸಿಕೊಂಡಿತೆಂಬುದನ್ನು ತಿಳಿದರೆ ಆ ನಗರದ ಅಂತರಂಗವು ಬೇರೆ ಯಾವುದರಿಂದಲೂ ತಿಳಿಯದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರವು ಈ ವಿಷಯದಲ್ಲಿ ವಿಚಾರಪರರ ಗಮನಕ್ಕೆ ಯೋಗ್ಯವಾದುದು. ನೂರು ವರ್ಷಗಳಿಗೂ ಮಿಕ್ಕಿ ಅದು ತರುಣರ ಗುಂಪುಗಲಹದಿಂದ ನೊಂದಿತು. ದಂಡವನ್ನು ಪ್ರಯೋಗಿಸಿ ನೋಡಿತು, ಸಾಮವನ್ನೂ ಪ್ರಯೋಗಿಸಿ ನೋಡಿತು. ಒಂದೊಂದೇ ಬಂದಾಗ ಎರಡೂ ಸೋತುವು. ಅವೆರಡೂ ಒಂದೇ ಕೊಠಡಿಯಲ್ಲಿ ಒಂದೇ ದಿನ ಮಾತನಾಡುವಂತಾದುದು ತೀರ ಈಚಿನ ಸಂಗತಿ.

ಕ್ಲೈಡ್ ನದಿಯ ದಡದ ಈ ನಗರವು ಮೊದಲು ಹೊಗೆಸೊಪ್ಪಿನ ವ್ಯಾಪಾರದಿಂದಲೂ, ತರುವಾಯ ಹತ್ತಿ, ಕಬ್ಬಿಣ ಮತ್ತು ಹಡಗುಗಳಿಂದಲೂ ಬೆಳೆದು, ಬ್ರಿಟಿಷ್ ಸಾಮ್ರಾಜ್ಯದ ಎರಡನೆಯ ನಗರವೆಂಬ ಬಿರುದನ್ನು ಪಡೆದಿತ್ತು. 1931ನೆಯ ಇಸವಿಯ ಜನಗಣತಿಯಲ್ಲಿ ಅಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಜನರಿದ್ದರು. ಐಶ್ವರ್ಯವು ಬಂದ ದಾರಿಯಲ್ಲಿಯೇ ದಾರಿದ್ರ್ಯವೂ ಬಂದಿತು. ಕಾರ್ಖಾನೆಗಳ ಕೆಲಸಕ್ಕಾಗಿ ಐರ್ಲೆಂಡಿನಿಂದಲೂ ಉತ್ತರದ ಬೆಟ್ಟನಾಡಿನಿಂದಲೂ ಬಂದ ಬಡವರು ಮೂರು ನಾಲ್ಕು ಅಂತಸ್ತಿನ ಕಲ್ಲಿನ ವಠಾರಗಳಲ್ಲಿ ಒತ್ತೊತ್ತಾಗಿ ತುಂಬಿಕೊಂಡರು. ಒಂದೇ ಕೋಣೆಯ ಮನೆಯಲ್ಲಿ ಇಡೀ ಸಂಸಾರ. ಮೆಟ್ಟಿಲ ಬಳಿ ಹಲವು ಸಂಸಾರಗಳಿಗೆ ಒಂದೇ ಪಾಯಖಾನೆ. ಇಂತಹ ಮನೆಯಲ್ಲಿ ಬೆಳೆಯುವ ಹುಡುಗನಿಗೆ ಮನೆಯೆಂದರೆ ಮಲಗುವ ಜಾಗ ಮಾತ್ರ. ಅವನ ನಿಜವಾದ ನಿವಾಸವು ಬೀದಿ. ತನ್ನ ಬೀದಿಯನ್ನು ಅವನು ರಾಜ್ಯವೆಂದು ಭಾವಿಸಿದ್ದರಲ್ಲಿ ಆಶ್ಚರ್ಯವೇನು?

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಅಲ್ಲಿ ‘ಪೆನ್ನಿ’ ಗುಂಪುಗಳೆಂಬುವು ಇದ್ದುವು. ನ್ಯಾಯಾಧೀಶರು ವಿಧಿಸುವ ಜುಲ್ಮಾನೆಯನ್ನು ತೆರುವುದಕ್ಕೆ ಗುಂಪಿನವರೆಲ್ಲರೂ ಒಂದೊಂದು ಪೆನ್ನಿಯನ್ನು ಹಾಕುತ್ತಿದ್ದುದರಿಂದ ಆ ಹೆಸರು. ದಂಡನೆಯನ್ನು ಹಂಚಿಕೊಳ್ಳುವ ಈ ಏರ್ಪಾಡನ್ನು ವಾಚಕರು ನೆನಪಿನಲ್ಲಿಡಬೇಕು. ಒಬ್ಬನಿಗೆ ಬಿದ್ದ ಪೆಟ್ಟು ಗುಂಪಿನ ಐಕ್ಯವನ್ನು ಮುರಿಯುವ ಬದಲು ಬಲಪಡಿಸುತ್ತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1920ರ ಈಚೆಗೆ ಈ ಕಲಹಗಳಿಗೆ ಮತದ ಬಣ್ಣವೂ ಸೇರಿತು. ಬ್ರಿಜ್‌ಟನ್ ಎಂಬ ಭಾಗದ ಪ್ರಾಟೆಸ್ಟೆಂಟರ ಗುಂಪು ‘ಬಿಲ್ಲಿ ಬಾಯ್ಸ್’. 1690ರಲ್ಲಿ ಬಾಯ್ನ್ ನದಿಯ ಯುದ್ಧದಲ್ಲಿ ಕ್ಯಾಥೊಲಿಕ್ ಅರಸನನ್ನು ಗೆದ್ದ ಮೂರನೆಯ ವಿಲಿಯಮ್ ರಾಜನ ಹೆಸರನ್ನು ಅವರು ಧರಿಸಿದ್ದರು. ಅವರ ನಾಯಕನೂ ಬಿಲ್ಲಿ ಫುಲ್ಲರ್ಟನ್ ಎಂಬವನೇ. ಅವರಿಗೆ ಎದುರಾಗಿ ನಾರ್ಮನ್ ಬೀದಿಯ ಕ್ಯಾಥೊಲಿಕರ ಗುಂಪು. ಹಬ್ಬದ ದಿನಗಳಲ್ಲಿ ಒಬ್ಬರು ಮತ್ತೊಬ್ಬರ ಬೀದಿಯಲ್ಲಿ ವಾದ್ಯಗಳೊಡನೆ ಮೆರವಣಿಗೆ ಹೊರಡುವುದು, ಮೇಲಿನ ಕಿಟಕಿಗಳಿಂದ ಸೀಸೆ ಇಟ್ಟಿಗೆಗಳು ಸುರಿಯುವುದು, ಕೆಳಗೆ ಕ್ಷೌರದ ಕತ್ತಿಗಳೂ ಬೈಸಿಕಲ್ ಸರಪಣಿಗಳೂ ಹೊರಬರುವುದು, ಇವು ವಾಡಿಕೆಯಾದುವು. ಕ್ಷೌರದ ಕತ್ತಿಯು ಅಗ್ಗ, ಜೇಬಿನಲ್ಲಿ ಅಡಗುವಂಥದು. ಕೊಲ್ಲುವುದಕ್ಕಿಂತ ಹೆಚ್ಚಾಗಿ ಮುಖದ ಮೇಲೆ ಗುರುತು ಹಾಕುವಂಥದು. ಬಾಯಿಯ ಅಂಚಿನಿಂದ ಕಿವಿಯವರೆಗೆ ಗೆರೆಯನ್ನು ಹೊತ್ತವರು ಆ ನಗರದಲ್ಲಿ ಬಾಳಿನುದ್ದಕ್ಕೂ ಅದನ್ನು ಹೊತ್ತೇ ನಡೆದರು. ಯಾವ ಧಣಿಯೂ ಅಂಥವರಿಗೆ ಕೆಲಸ ಕೊಡಲು ಮುಂದೆ ಬರುತ್ತಿರಲಿಲ್ಲ. ಕೆಲಸವಾದರೂ ಎಲ್ಲಿತ್ತು? 1931ರ ಡಿಸೆಂಬರಿನಲ್ಲಿ ನಗರದ ಪಕ್ಕದ ಕ್ಲೈಡ್‌ಬ್ಯಾಂಕಿನಲ್ಲಿ, ಮುಂದೆ ‘ಕ್ವೀನ್ ಮೇರಿ’ ಎಂದು ಹೆಸರಾದ ಮಹಾನೌಕೆಯ ಕೆಲಸವು ಹಣವಿಲ್ಲದೆ ನಿಂತುಹೋಯಿತು. 1934ರ ಏಪ್ರಿಲಿನವರೆಗೆ ಆ ಅರೆಕಟ್ಟಿದ ಕಬ್ಬಿಣದ ಒಡಲು ತುಕ್ಕು ಹಿಡಿಯುತ್ತ ನಿಂತಿದ್ದುದನ್ನು ಸಾವಿರಾರು ನಿರುದ್ಯೋಗಿಗಳು ದಿನವೂ ನೋಡುತ್ತಿದ್ದರು.

ಅದೇ 1931ರಲ್ಲಿ ಪರ್ಸಿ ಸಿಲ್ಲಿಟೋ ಎಂಬವರು ಗ್ಲಾಸ್ಗೋ ಪೋಲೀಸಿನ ಮುಖ್ಯಾಧಿಕಾರಿಯಾಗಿ ಬಂದರು. ಇದಕ್ಕೆ ಮೊದಲು ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಅಲ್ಲಿಯ ಪುಂಡರ ಗುಂಪುಗಳನ್ನು ಬಗ್ಗುಬಡಿದು ಹೆಸರು ಗಳಿಸಿದ್ದ ಗಟ್ಟಿಗರು ಅವರು. ಗ್ಲಾಸ್ಗೋ ಪೋಲೀಸರ ಟೋಪಿಗೆ ಚೌಕುಳಿಯ ಪಟ್ಟಿಯನ್ನು ತಂದವರೂ, ನಿಸ್ತಂತು ಯಂತ್ರವುಳ್ಳ ಮೋಟಾರುಗಳನ್ನು ಬೀದಿಗಿಳಿಸಿದವರೂ ಇವರೇ. ಆಳೆತ್ತರದ ಕಾನ್ಸ್‌ಟೇಬಲುಗಳನ್ನು ಆರಿಸಿ, ಕುದುರೆ ಪೋಲೀಸರನ್ನು ಮೆರವಣಿಗೆಗಳ ಮೇಲೆ ನುಗ್ಗಿಸಿ, ಲಾಠಿಗೆ ಲಾಠಿ ಎಂಬ ನೀತಿಯನ್ನು ಅನುಸರಿಸಿದರು. ಫುಲ್ಲರ್ಟನ್ನನು ಸೆರೆಮನೆಯನ್ನು ಕಂಡನು. 1943ರಲ್ಲಿ ಸಿಲ್ಲಿಟೋ ಅವರು ಗ್ಲಾಸ್ಗೋವನ್ನು ಬಿಟ್ಟು ಹೋಗಿ, 1946ರಿಂದ 1953ರವರೆಗೆ ಬ್ರಿಟನ್ನಿನ ಒಳನಾಡಿನ ಗೂಢಚಾರ ಇಲಾಖೆಯ ಮುಖ್ಯಸ್ಥರಾಗಿದ್ದರು. 1955ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಗ್ಲಾಸ್ಗೋವಿನ ಗುಂಪುಗಳನ್ನು ತಾವು ಮುರಿದುದಾಗಿ ಹೇಳಿಕೊಂಡಿದ್ದಾರೆ.

ಈ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ. ಈಚಿನ ಚರಿತ್ರಕಾರರು ಅಂದಿನ ಪತ್ರಿಕೆಗಳನ್ನೂ ನ್ಯಾಯಸ್ಥಾನದ ದಾಖಲೆಗಳನ್ನೂ ಶೋಧಿಸಿ, ಗುಂಪುಗಳು ಸಿಲ್ಲಿಟೋ ಅವರ ಕಾಲದುದ್ದಕ್ಕೂ ಜೀವಂತವಾಗಿದ್ದುವೆಂದು ತೋರಿಸಿದ್ದಾರೆ. 1952ರಲ್ಲಿ ಲಾರ್ಡ್ ಕಾರ್ಮಂಟ್ ಎಂಬ ನ್ಯಾಯಾಧೀಶರು ಕ್ಷೌರದ ಕತ್ತಿ ಹಿಡಿದವರಿಗೆ ಹತ್ತು ವರ್ಷಗಳವರೆಗೂ ಸೆರೆವಾಸವನ್ನು ವಿಧಿಸಬೇಕಾಗಿ ಬಂದಿತೆಂದರೆ, ಮುರಿದ ಗುಂಪುಗಳು ಎಷ್ಟರಮಟ್ಟಿಗೆ ಮುರಿದಿದ್ದುವೆಂಬುದನ್ನು ಊಹಿಸಿಕೊಳ್ಳಬಹುದು. ದೀರ್ಘ ಶಿಕ್ಷೆಗೆ ಆ ನ್ಯಾಯಾಧೀಶರ ಹೆಸರೇ ಬೀದಿಯ ಮಾತಿನಲ್ಲಿ ನಿಂತಿತು. 1962ರಲ್ಲಿ ಫುಲ್ಲರ್ಟನ್ನನು ಬಡವನಾಗಿ ಸತ್ತಾಗ ಅವನ ಶವಯಾತ್ರೆಗೆ ನೂರಾರು ಜನರು ವಾದ್ಯಸಮೇತ ನಡೆದರು. ಪೋಲೀಸಿನ ಲಾಠಿಯು ಅವನ ಬೆನ್ನನ್ನು ಮುಟ್ಟಿತ್ತು, ಬ್ರಿಜ್‌ಟನ್ನಿನಲ್ಲಿ ಅವನಿಗಿದ್ದ ಗೌರವವನ್ನು ಮುಟ್ಟಿರಲಿಲ್ಲ.

ಲಾಠಿಯ ಅದೇ ಕಾಲದಲ್ಲಿ ಗೋರ್ಬಲ್ಸ್ ಎಂಬ ಬಡಕೇರಿಯ ಪಾದ್ರಿಗಳಾದ ಕ್ಯಾಮರನ್ ಪೆಡ್ಡಿಯವರು ಬೇರೊಂದು ದಾರಿಯನ್ನು ಹಿಡಿದಿದ್ದರೆಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಅವರು ಗುಂಪುಗಳ ನಾಯಕರನ್ನೇ ಕರೆದು, ಗುಂಪನ್ನು ಒಡೆಯದೆ, ಅದನ್ನೇ ಒಂದು ಕ್ಲಬ್ಬಾಗಿ ಮಾರ್ಪಡಿಸಲು ಯತ್ನಿಸಿದರು. ಆಟ, ವ್ಯಾಯಾಮ, ಹಾಡು ಇವುಗಳಿಗೆ ಎಡೆ ಮಾಡಿಕೊಟ್ಟರು. ಹಲವರು ಸುಧಾರಿಸಿದರು. ಆದರೆ ಪಾದ್ರಿಯ ಕೈಯಲ್ಲಿ ಕೆಲಸವಿರಲಿಲ್ಲ, ಕಾನೂನಿನ ಬಲವಿರಲಿಲ್ಲ. ಮುಖ್ಯಾಧಿಕಾರಿಯ ಕೈಯಲ್ಲಿ ಕಾನೂನಿತ್ತು, ಕ್ಲಬ್ಬಿರಲಿಲ್ಲ. ಒಂದೇ ನಗರದಲ್ಲಿ ಒಂದೇ ಹುಡುಗನಿಗಾಗಿ ದುಡಿಯುತ್ತಿದ್ದ ಈ ಇಬ್ಬರೂ ಎರಡು ಲೋಕಗಳಲ್ಲಿದ್ದಂತೆ ಇದ್ದರು. 1935ರಲ್ಲಿ ಗೋರ್ಬಲ್ಸಿನ ಕತ್ತಿಯಾಳುಗಳನ್ನು ಕುರಿತ ಕಾದಂಬರಿಯೊಂದು ಪ್ರಕಟವಾಗಿ ನಗರದ ಅಪಕೀರ್ತಿಯನ್ನು ದೇಶದೇಶಗಳಿಗೆ ಹರಡಿತು. ಪೆಡ್ಡಿಯವರ ಕ್ಲಬ್ಬುಗಳನ್ನು ಕುರಿತು ಅಂಥ ಪ್ರಸಿದ್ಧಿಯ ಕಾದಂಬರಿಯನ್ನು ಯಾರೂ ಬರೆಯಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಪುರಸಭೆಯು ಕೊಳಚೆ ವಠಾರಗಳನ್ನು ಕೆಡವಿ, ಊರ ಅಂಚಿನಲ್ಲಿ ಈಸ್ಟರ್‌ಹೌಸ್, ಡ್ರಮ್‌ಚಾಪಲ್, ಕಾಸಲ್‌ಮಿಲ್ಕ್, ಪೊಲ್ಲಾಕ್ ಎಂಬ ಬಡಾವಣೆಗಳನ್ನು ಕಟ್ಟಿಸಿತು. ಉದ್ದೇಶವು ಶ್ಲಾಘ್ಯವಾದುದೇ. ಮನೆಗೆ ಸ್ನಾನದ ಕೋಣೆ ಬಂತು, ಕಿಟಕಿಗೆ ಬೆಳಕು ಬಂತು. ಆದರೆ ಹತ್ತಾರು ಸಾವಿರ ಜನರನ್ನು ಒಯ್ದು ಇಟ್ಟ ಈಸ್ಟರ್‌ಹೌಸಿನಲ್ಲಿ ಸಿನೆಮಾ ಮಂದಿರವಾಗಲಿ, ಈಜುಕೊಳವಾಗಲಿ, ಸಂಜೆಯ ಹೊತ್ತು ಹುಡುಗರು ಹೋಗಿ ಕೂಡಬಹುದಾದ ಒಂದು ಚಾವಡಿಯಾಗಲಿ ಬಹುಕಾಲ ಇರಲಿಲ್ಲ. ಹಳೆಯ ಬೀದಿಯ ಹಿರಿಯರ ಕಣ್ಣು ಹೋಯಿತು. ಹಳೆಯ ಬೀದಿಯ ಜಗಳ ಮಾತ್ರ ಸಾಮಾನುಗಳ ಸಂಗಡ ಬಂಡಿಯೇರಿ ಬಂತು. ಪ್ರತಿಯೊಂದು ಬಡಾವಣೆಯೂ ನಾಲ್ಕಾರು ಗುಂಪುಗಳ ಗಡಿಗಳಿಂದ ಹರಿದುಹೋಯಿತು. ಹಿಂದಿನ ಮತದ್ವೇಷಕ್ಕೆ ಬದಲಾಗಿ ಈಗ ರಸ್ತೆಯ ಆಚೆಯವನು ಎಂಬುದೇ ಸಾಕಷ್ಟು ಕಾರಣವಾಯಿತು.

1968ರಲ್ಲಿ ಫ್ರಾಂಕಿ ವಾನ್ ಎಂಬ ಜನಪ್ರಿಯ ಗಾಯಕರು ಈಸ್ಟರ್‌ಹೌಸಿಗೆ ಬಂದು ಗುಂಪುಗಳ ನಾಯಕರೊಡನೆ ಮಾತನಾಡಿದರು. ಹುಡುಗರು ಪತ್ರಿಕೆಗಳವರ ಕಣ್ಣೆದುರಿನಲ್ಲಿ ಚೂರಿ ಕೊಡಲಿಗಳನ್ನು ಒಪ್ಪಿಸಿದರು. ಮರುವರ್ಷ ಅವರಿಗಾಗಿ ತಗಡಿನ ಕೊಟ್ಟಿಗೆಗಳಲ್ಲಿ ಒಂದು ಕ್ಲಬ್ಬು ತೆರೆಯಿತು. ಕೆಲವರು ಇದನ್ನು ನಾಟಕವೆಂದು ನಕ್ಕರು. ನನಗೆ ಹಾಗೆನ್ನಿಸುವುದಿಲ್ಲ, ಯಾರೂ ಹೋಗದ ಕಡೆಗೆ ಹೋಗಿ, ಯಾರೂ ಆಡಿಸದವರನ್ನು ಮಾತನಾಡಿಸಿದ ಒಬ್ಬ ಹಾಡುಗಾರನ ಸೌಜನ್ಯವು ಹಾಸ್ಯಕ್ಕೆ ವಸ್ತುವಲ್ಲ. ಆದರೆ ಸೌಜನ್ಯಕ್ಕೆ ಆಯುಸ್ಸು ಕಡಿಮೆ. ಪತ್ರಿಕೆಯವರು ಹೋದ ಮೇಲೆ ಹುಡುಗರು ಉಳಿದರು. ಅವರ ತಮ್ಮಂದಿರು ಬೆಳೆದರು. ಹೊಸ ಚೂರಿಗಳು ಅಂಗಡಿಯಲ್ಲಿ ಸಿಕ್ಕುತ್ತಲೇ ಇದ್ದುವು.

ಇಲ್ಲಿ ಸ್ಕಾಟ್ಲೆಂಡಿನ ಶಾಸನವೊಂದನ್ನು ಸ್ಮರಿಸಬೇಕು. ನ್ಯಾಯಮೂರ್ತಿ ಕಿಲ್‌ಬ್ರಾಂಡನ್ ಅವರ ಸಮಿತಿಯು 1964ರಲ್ಲಿ ಕೊಟ್ಟ ವರದಿಯಂತೆ, 1971ರಿಂದ ತಪ್ಪುಮಾಡಿದ ಮಕ್ಕಳನ್ನು ಸಾಮಾನ್ಯವಾಗಿ ನ್ಯಾಯಸ್ಥಾನಕ್ಕೆ ಒಯ್ಯದೆ, ಊರಿನ ಗೃಹಸ್ಥರೇ ಇರುವ ಮಂಡಲಿಯ ಮುಂದೆ ಕೂಡಿಸಿ, ಆ ಮಗುವಿಗೆ ಬೇಕಾದುದೇನೆಂದು ವಿಚಾರಿಸುವ ಪದ್ಧತಿ ಬಂದಿತು. ಬಹಳ ಉದಾರವಾದ ಏರ್ಪಾಡು. ಆದರೆ ಅದರ ಬಾಗಿಲು ಹದಿನಾರನೆಯ ವಯಸ್ಸಿಗೆ ಬಹುಮಟ್ಟಿಗೆ ಮುಚ್ಚುತ್ತಿತ್ತು. ಚೂರಿಯ ಅಪಾಯವು ತೀವ್ರವಾಗುವುದು ಅಲ್ಲಿಂದ ಮೇಲೆ.

ಶತಮಾನವು ತಿರುಗಿದಾಗ ಗ್ಲಾಸ್ಗೋವಿಗೆ ಯೂರೋಪಿನ ಕೊಲೆಯ ರಾಜಧಾನಿಯೆಂಬ ಅಡ್ಡಹೆಸರು ಬಿದ್ದಿತ್ತು. ನಗರದಲ್ಲಿ 170ರಷ್ಟು ಗುಂಪುಗಳಿವೆಯೆಂದು ಪೋಲೀಸರೇ ಎಣಿಸಿದ್ದರು. 2004–05ರ ಸಾಲಿನಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ ಕೊಲೆಯಾದವರು 130ಕ್ಕೂ ಮೇಲ್ಪಟ್ಟು. ಐವತ್ತು ಲಕ್ಷ ಜನರ ನಾಡಿಗೆ ಇದು ಬಹಳ ದೊಡ್ಡ ಸಂಖ್ಯೆ. ಕೊಂದವರ ಕೈಯಲ್ಲಿ ಹೆಚ್ಚಾಗಿ ಇದ್ದುದು ಚೂರಿ. ಹಲವೊಮ್ಮೆ ಹೊಟ್ಟೆಯಲ್ಲಿ ಇದ್ದುದು ಮದ್ಯ. ಆಗ ಸ್ಟ್ರಾತ್‌ಕ್ಲೈಡ್ ಪೋಲೀಸಿನಲ್ಲಿ ಅಂಕಿ ಅಂಶಗಳ ವಿಶ್ಲೇಷಣೆಯ ಕೆಲಸದಲ್ಲಿದ್ದ ಕ್ಯಾರಿನ್ ಮೆಕ್ಲಸ್ಕಿ ಎಂಬ ಮಹಿಳೆಯೂ, ಕೊಲೆಗಳ ತನಿಖೆಯಲ್ಲಿ ಪಳಗಿದ ಜಾನ್ ಕಾರ್ನೋಕನ್ ಎಂಬ ಅಧಿಕಾರಿಯೂ ಸೇರಿ, 2005ರ ಜನವರಿಯಲ್ಲಿ ಹಿಂಸೆಯನ್ನು ತಗ್ಗಿಸುವುದೇ ಏಕೈಕ ಉದ್ದೇಶವಾದ ಒಂದು ಚಿಕ್ಕ ಶಾಖೆಯನ್ನು ಆರಂಭಿಸಿದರು. ಮರುವರ್ಷ ಅದರ ಕಾರ್ಯವು ದೇಶಕ್ಕೆಲ್ಲ ವಿಸ್ತರಿಸಿತು. ಮೆಕ್ಲಸ್ಕಿಯವರು ಮೊದಲು ದಾದಿಯ ಶಿಕ್ಷಣ ಪಡೆದವರೆಂಬುದು ಇಲ್ಲಿ ಅಪ್ರಸ್ತುತವಲ್ಲ.

ಅವರು ಆಧಾರವಾಗಿ ಹಿಡಿದುದು ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಹೊರಡಿಸಿದ ವರದಿಯ ತತ್ತ್ವ. ಹಿಂಸೆಯೂ ಒಂದು ಸಾಂಕ್ರಾಮಿಕದಂತೆ ಹರಡುವುದು. ಆದಕಾರಣ ಅದನ್ನು ಎಣಿಸಬೇಕು, ಮೂಲವನ್ನು ಹುಡುಕಬೇಕು, ಹರಡುವ ಮುನ್ನ ತಡೆಯಬೇಕು. ಆಸ್ಪತ್ರೆಗಳ ಲೆಕ್ಕವನ್ನು ಠಾಣೆಗಳ ಲೆಕ್ಕದೊಡನೆ ಹೋಲಿಸಿದಾಗ, ಇರಿತಕ್ಕೆ ಸಿಕ್ಕಿ ಹೊಲಿಗೆ ಹಾಕಿಸಿಕೊಂಡು ಹೋದ ಎಷ್ಟೋ ತರುಣರ ಸುದ್ದಿಯೇ ಪೋಲೀಸರಿಗೆ ತಲಪಿರಲಿಲ್ಲವೆಂಬುದು ಹೊರಬಿತ್ತು. ಇದನ್ನು ಹೊಸ ಜ್ಞಾನವೆಂದು ಹೇಳುವುದು ವಾಡಿಕೆ. ಆದರೆ ಗ್ಲಾಸ್ಗೋ ನಗರಕ್ಕೆ ಇದು ತನ್ನದೇ ಹಳೆಯ ಪಾಠ. 1848–49ರಲ್ಲಿಯೂ 1853–54ರಲ್ಲಿಯೂ ವಾಂತಿಭೇದಿಯು ಅಲ್ಲಿ ಸಾವಿರಾರು ಜನರನ್ನು ನುಂಗಿತ್ತು. ಆಗ ಬಡವರ ಅಶುಚಿಯನ್ನು ಬೈಯುವವರಿಗೆ ಕೊರತೆಯಿರಲಿಲ್ಲ. 1859ರಲ್ಲಿ ಪುರಸಭೆಯು ಕ್ಯಾಟ್ರಿನ್ ಸರೋವರದಿಂದ ಮೈಲಿಗಟ್ಟಲೆ ದೂರ ಕೊಳಾಯಿಗಳಲ್ಲಿ ಶುದ್ಧ ನೀರನ್ನು ತಂದಿತು. 1866ರಲ್ಲಿ ಬೇನೆಯು ಮತ್ತೆ ಬಂದಾಗ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಬೇನೆಗೆ ನೀರನ್ನು ಹುಡುಕಿದ ನಗರವು ಚೂರಿಗೆ ಅದರ ನೀರು ಯಾವುದೆಂದು ಕೇಳಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು.

ಉಪಾಯದ ಎರಡನೆಯ ಎಳೆಯು ಅಮೆರಿಕದಿಂದ ಬಂದುದು. ಬಾಸ್ಟನ್ ನಗರದಲ್ಲಿ 1996ರಲ್ಲಿ ಪೋಲೀಸರೂ, ಕಪ್ಪುಜನರ ಚರ್ಚುಗಳ ಪಾದ್ರಿಗಳೂ, ಸಮಾಜಸೇವಕರೂ ಹಾರ್ವರ್ಡಿನ ಡೇವಿಡ್ ಕೆನಡಿ ಮುಂತಾದ ವಿದ್ವಾಂಸರೊಡನೆ ಸೇರಿ, ಗುಂಪಿನ ತರುಣರನ್ನು ಒಂದೆಡೆ ಕರೆಸಿ ನೇರವಾಗಿ ಎಚ್ಚರಿಕೆಯನ್ನೂ ಸಹಾಯವನ್ನೂ ಒಟ್ಟಿಗೆ ಹೇಳುವ ಕ್ರಮವನ್ನು ಆರಂಭಿಸಿದ್ದರು. ತರುಣರ ಕೊಲೆಗಳು ಅಲ್ಲಿ ಶೇಕಡ 63ರಷ್ಟು ಇಳಿದುವೆಂದು ತರುವಾಯದ ಪರಿಶೀಲನೆಯು ತೋರಿಸಿತು. 2007ರಲ್ಲಿ ಸಿನ್ಸಿನಾಟಿಯು ಇದನ್ನು ಅನುಸರಿಸಿತು. ಗ್ಲಾಸ್ಗೋವಿನವರು ಕ್ರಮವನ್ನಷ್ಟೇ ಅಲ್ಲದೆ ಹೆಸರನ್ನೂ ಬಹುಮಟ್ಟಿಗೆ ಸಿನ್ಸಿನಾಟಿಯಿಂದಲೇ ಪಡೆದರು.

2008ರ ಅಕ್ಟೋಬರಿನಲ್ಲಿ ಗ್ಲಾಸ್ಗೋವಿನ ಷೆರಿಫ್ ನ್ಯಾಯಸ್ಥಾನದಲ್ಲಿ ಮೊದಲನೆಯ ಸಭೆಯು ಸೇರಿತು. (ಸ್ಕಾಟ್ಲೆಂಡಿನಲ್ಲಿ ಷೆರಿಫ್ ಎಂದರೆ ಸಿನೆಮಾದಲ್ಲಿ ಕಾಣುವಂತೆ ಪಿಸ್ತೂಲು ಕಟ್ಟಿದ ಅಧಿಕಾರಿಯಲ್ಲ, ನ್ಯಾಯಾಧೀಶ.) ಪೂರ್ವಭಾಗದ ಗುಂಪುಗಳ ಹುಡುಗರ ಮನೆಮನೆಗೆ ಪೋಲೀಸರೇ ಹೋಗಿ ಆಹ್ವಾನವನ್ನು ಕೊಟ್ಟು ಬಂದಿದ್ದರು. ಅಮೆರಿಕದಲ್ಲಿ ಪ್ರೊಬೇಷನ್ನಿನ ಷರತ್ತಿನ ಮೇಲಿರುವವರನ್ನು ಬಲವಂತವಾಗಿ ಬರಮಾಡಬಹುದಾಗಿತ್ತು. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಅದಕ್ಕೆ ಎಡೆಯಿರಲಿಲ್ಲ. ಬಂದವರು ತಾವಾಗಿ ಬಂದರು. ಈ ಸಂಗತಿಯನ್ನು ಓದಿದಾಗ ನನಗೆ ಅತ್ಯಂತ ವಿಸ್ಮಯವಾಯಿತು. ಜನರು ಯಾವ ಹುಡುಗರನ್ನು ಕಂಡು ಬೀದಿ ಬದಲಿಸುತ್ತಿದ್ದರೋ ಅವರೇ, ಕಟಕಟೆಯಲ್ಲಿ ನಿಲ್ಲಬೇಕಾದ ಸ್ಥಳದಲ್ಲಿ ಅತಿಥಿಗಳಾಗಿ ಬಂದು ಕುಳಿತರು.

ನ್ಯಾಯಾಧೀಶರು ಪೀಠದಲ್ಲಿದ್ದರು. ಮೊದಲು ಪೋಲೀಸ್ ಅಧಿಕಾರಿಯು ಎದ್ದು, ನಿಮ್ಮನ್ನು ನಾವು ಬಲ್ಲೆವು. ಇಂದಿನಿಂದ ನಿಮ್ಮ ಗುಂಪಿನಲ್ಲಿ ಒಬ್ಬನು ಚೂರಿ ಎತ್ತಿದರೆ ಇಡೀ ಗುಂಪಿನ ಬೆನ್ನು ಹತ್ತುವೆವು ಎಂಬ ಅರ್ಥದ ಮಾತನ್ನಾಡಿದರು. ಪೆನ್ನಿ ಗುಂಪುಗಳು ದಂಡವನ್ನು ಹಂಚಿಕೊಂಡು ಹಗುರಮಾಡಿದ್ದ ಉಪಾಯವನ್ನೇ ಇಲ್ಲಿ ತಲೆಕೆಳಗು ಮಾಡಿದಂತಾಯಿತು. ತರುವಾಯ ಶಸ್ತ್ರವೈದ್ಯರು ಎದ್ದು, ತಾವು ಹೊಲಿದ ಮುಖಗಳನ್ನೂ ಹೊಲಿಯಲಾರದೆ ಹೋದ ದೇಹಗಳನ್ನೂ ಕುರಿತು ಹೇಳಿದರು. ಗುಂಪಿನಿಂದ ಹೊರಬಂದು ಬದುಕಿದವನೊಬ್ಬನು ತನ್ನ ಕಥೆಯನ್ನು ಹೇಳಿದನು. ಒಬ್ಬ ತಾಯಿಯು ಎದ್ದು ನಿಂತು ತನ್ನ ಮಗನಿಗೆ ಆದುದನ್ನು ಹೇಳಿದಳು. ಲಾಠಿಯ ಮುಂದೆ ತಲೆಯೆತ್ತಿ ನಿಂತಿದ್ದ ಹುಡುಗರು ಆ ತಾಯಿಯ ಮುಂದೆ ತಲೆ ತಗ್ಗಿಸಿದರೆಂದು ಅಲ್ಲಿದ್ದವರು ಹೇಳುತ್ತಾರೆ. ಪ್ರತಿಯೊಬ್ಬನಿಗೂ ಒಂದು ಟೆಲಿಫೋನ್ ಸಂಖ್ಯೆಯನ್ನು ಕೊಟ್ಟರು. ಹಿಂಸೆಯನ್ನೂ ಆಯುಧವನ್ನೂ ಬಿಡುವೆನೆಂದು ಮಾತು ಕೊಡುವವನಿಗೆ ಓದು, ಕಸುಬು, ಕುಡಿತದಿಂದ ಬಿಡುಗಡೆ, ಸಂಜೆಯ ಕಾಲ್ಚೆಂಡಾಟ, ಇವುಗಳಲ್ಲಿ ಬೇಕಾದುದಕ್ಕೆ ನೆರವಾಗುವವರು ಆ ಸಂಖ್ಯೆಯಲ್ಲಿ ಸಿಕ್ಕುತ್ತಿದ್ದರು. ಸಿಲ್ಲಿಟೋ ಅವರೂ ಪೆಡ್ಡಿಯವರೂ ಒಂದೇ ವೇದಿಕೆಯ ಮೇಲೆ ನಿಂತಂತೆ ಆಯಿತೆಂದರೆ ತಪ್ಪಾಗಲಾರದು.

ಈ ಕ್ರಮದಲ್ಲಿ ಹುಡುಗನ ಮಾನಕ್ಕೆ ದೊರೆತ ಆಸರೆಯೇ ಇದರ ಮರ್ಮವೆಂದು ನನಗೆ ತೋರುತ್ತದೆ. ಗುಂಪನ್ನು ತಾನೇ ಬಿಡುವವನು ಹೇಡಿಯೆನಿಸಿಕೊಳ್ಳುವನು. ಆದರೆ ನಾನು ಚೂರಿ ಹಿಡಿದರೆ ನೀವೆಲ್ಲ ಸಿಕ್ಕಿಬೀಳುವಿರಿ ಎಂದು ಗೆಳೆಯರಿಗೆ ಹೇಳಬಲ್ಲವನಿಗೆ ಹಿಂಜರಿಯಲು ಗೌರವವಾದ ಒಂದು ನೆಪ ಸಿಕ್ಕಿತು.

ಫಲವೇನಾಯಿತು? ಇಲ್ಲಿ ಅತ್ಯುತ್ಸಾಹವು ಸಲ್ಲದು. ಈ ಕಾರ್ಯದಲ್ಲಿ ಸೇರಿದ ತರುಣರನ್ನು ಸೇರದವರೊಡನೆ ಹೋಲಿಸಿದ, 2014ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಆಯುಧ ಹೊತ್ತು ತಿರುಗುವ ಅಪರಾಧವು ಸೇರಿದವರಲ್ಲಿ ಶೇಕಡ 84ರಷ್ಟೂ, ಸೇರದವರಲ್ಲಿ ಶೇಕಡ 40ರಷ್ಟೂ ಇಳಿದಿತ್ತು. ಹೊಡೆದಾಟಗಳಾದರೋ ಎರಡು ಪಂಗಡಗಳಲ್ಲಿಯೂ ಇಳಿದಿದ್ದು, ನಿಸ್ಸಂಶಯವೆನ್ನಬಹುದಾದ ವ್ಯತ್ಯಾಸವು ಕಂಡುಬರಲಿಲ್ಲ. ಕೊಲೆಗಳು ಸ್ಕಾಟ್ಲೆಂಡಿನಲ್ಲಿ ಹತ್ತು ವರ್ಷಗಳೊಳಗೆ ವರುಷಕ್ಕೆ ಸುಮಾರು 60ಕ್ಕೆ ಇಳಿದುವು. ಸಭೆಗಳು ನಡೆಯದ ಊರುಗಳಲ್ಲಿಯೂ ಇಳಿದುವು. 2006ರ ಶಾಸನವು ಚೂರಿ ಹೊತ್ತವನಿಗೆ ಎರಡು ವರ್ಷಗಳಿದ್ದ ಗರಿಷ್ಠ ಶಿಕ್ಷೆಯನ್ನು ನಾಲ್ಕಕ್ಕೆ ಏರಿಸಿತ್ತು. ಬೀದಿಯಲ್ಲಿ ಹುಡುಗರನ್ನು ನಿಲ್ಲಿಸಿ ಜೇಬು ತಡಕುವುದು ವಿಪರೀತಕ್ಕೆ ಹೋಗಿ, ಜನಸಂಖ್ಯೆಯ ಲೆಕ್ಕದಲ್ಲಿ ಲಂಡನ್ನನ್ನೂ ಮೀರಿಸಿತ್ತು. 2017ರಲ್ಲಿ ಹೊಸ ನಿಯಮಗಳು ಬಂದು, ಕಾನೂನಿನ ಆಧಾರವಿಲ್ಲದ ತಡಕಾಟವನ್ನು ನಿಲ್ಲಿಸಬೇಕಾಯಿತು. ಆದ್ದರಿಂದ ಗ್ಲಾಸ್ಗೋ ಪ್ರೀತಿಯೊಂದರಿಂದಲೇ ಗೆದ್ದಿತೆಂದು ದೂರದಿಂದ ಹೊಗಳುವವರ ಮಾತು ಅರ್ಧಸತ್ಯ. ಲಾಠಿಯೊಂದೇ ಗೆದ್ದಿತೆನ್ನುವವರ ಮಾತಿಗೆ 1931ರಿಂದ ಈಚಿನ ಚರಿತ್ರೆಯೇ ಉತ್ತರ.

ನ್ಯಾಯಸ್ಥಾನದ ಸಭೆಗಳ ಕಾರ್ಯವು 2011ರಲ್ಲಿ ಮುಕ್ತಾಯವಾಯಿತು. ಉಳಿದುದು ಅದರ ಸುತ್ತ ಬೆಳೆದ ಕೆಲಸಗಳು. ಕ್ರಿಸ್ಟಿನ್ ಗುಡಾಲ್ ಎಂಬ ಮುಖದ ಶಸ್ತ್ರವೈದ್ಯೆಯು ಸಹೋದ್ಯೋಗಿಗಳೊಡನೆ 2008ರಲ್ಲಿ ಸ್ಥಾಪಿಸಿದ ವೈದ್ಯರ ಸಂಘವು ಶಾಲೆಗಳಿಗೆ ಹೋಗಿ, ಚೂರಿಯು ಮುಖಕ್ಕೆ ಮಾಡುವುದೇನೆಂದು ಮಕ್ಕಳಿಗೆ ಹೇಳತೊಡಗಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಯನ್ನು ಕಾರ್ನೋಕನ್ ಅವರು ಕೇಳಿರಲಾರರು. ಆದರೆ ಸಾವಿರ ಪೋಲೀಸರು ಬೇಕೋ, ಬಾಣಂತಿಯರ ಮನೆಗೆ ಹೋಗಿ ಕೂಸುಗಳನ್ನು ನೋಡುವ ಸಾವಿರ ದಾದಿಯರು ಬೇಕೋ ಎಂದರೆ ತಾವು ದಾದಿಯರನ್ನೇ ಕೇಳುವುದಾಗಿ ಅವರು ಹೇಳುತ್ತಿದ್ದರು. ಕೊಲೆಗಳ ತನಿಖೆಯಲ್ಲಿ ತಲೆ ನರೆತ ಅಧಿಕಾರಿಯ ಬಾಯಿಂದ ಬಂದ ಮಾತಿದು. 2018ರಲ್ಲಿ ಲಂಡನ್ನಿನ ಮೇಯರರು ತಮ್ಮಲ್ಲಿಯೂ ಇಂಥದೇ ಒಂದು ಶಾಖೆಯನ್ನು ತೆರೆಯುವುದಾಗಿ ಸಾರಿದರು.

2015ರ ಸುಮಾರಿಗೆ ಗ್ಲಾಸ್ಗೋವಿನ ರಾಯಲ್ ಆಸ್ಪತ್ರೆಯ ತುರ್ತುಚಿಕಿತ್ಸೆಯ ವಿಭಾಗದಲ್ಲಿ ಹೊಸದೊಂದು ಏರ್ಪಾಡು ಬಂದಿತು. ವಾರದ ಕೊನೆಯ ರಾತ್ರಿಗಳಲ್ಲಿ, ಗಾಯಾಳುಗಳು ಹೆಚ್ಚಾಗಿ ಬರುವ ಹೊತ್ತಿನಲ್ಲಿ, ಗುಲಾಬಿ ಬಣ್ಣದ ಅಂಗಿ ತೊಟ್ಟವರು ಅಲ್ಲಿ ಕಾಯುತ್ತಾರೆ. ಅವರಲ್ಲಿ ತಾವೂ ಒಂದು ಕಾಲದಲ್ಲಿ ಅದೇ ಬೀದಿಗಳ ಬಾಳನ್ನು ಬಾಳಿದವರಿದ್ದಾರೆ. ಅವರು ವೈದ್ಯರೂ ಅಲ್ಲ, ಪೋಲೀಸರೂ ಅಲ್ಲ; ಯಾರು ಇರಿದರೆಂದು ಕೇಳುವುದಿಲ್ಲ. ವೈದ್ಯನು ಹೊಲಿಗೆ ಮುಗಿಸಿ ಎದ್ದ ಮೇಲೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ನಾಳೆ ಬೆಳಗ್ಗೆ ಎಲ್ಲಿಗೆ ಹೋಗುವೆಯೆಂದು ಆ ಹುಡುಗನನ್ನು ಕೇಳುತ್ತಾರೆ.